ಹತ್ತರಲ್ಲಿ ಎಷ್ಟು?

"ಹತ್ತರಲ್ಲಿ ಎಷ್ಟು?" ಎಂದು ಅವಳು ಕೇಳಿದಳು.

"ಏನು ಎಷ್ಟು?" ಎಂದ ಅವನು. ಟ್ರೆಡ್‌ಮಿಲ್ ಮೇಲೆ ಅದೇ ಮೊದಲ ಸಲ ಹತ್ತಿದವನು, ಓಡುವ ಬಸ್ಸಿನಲ್ಲಿ ನಿಂತವನ ಹಾಗೆ ಎರಡೂ ಕೈಯಲ್ಲಿ ಕಂಬಿ ಹಿಡಿದುಕೊಂಡಿದ್ದ.

"ನಿಮ್ಮ ಆಯಾಸ. ಸುಮ್ಮನೆ ಕೂತ ಹಾಗಿದ್ರೆ ಸೊನ್ನೆ. ಇನ್ನೊಂದು ಹೆಜ್ಜೆನೂ ಆಗಲ್ಲ ಅನ್ಸಿದ್ರೆ ಹತ್ತು. ಎದೆ, ಕಾಲು, ಉಸಿರು ಎಲ್ಲಾ ಸೇರಿಸಿ ಒಂದೇ ನಂಬರು ಹೇಳ್ಬೇಕು. ತಪ್ಪು ಉತ್ತರ ಅನ್ನೋದೇ ಇಲ್ಲ."

"ತಪ್ಪು ಉತ್ತರವೇ ಇಲ್ಲದ ಪರೀಕ್ಷೆನಾ! ನಾನು ಚಿಕ್ಕವನಿದ್ದಾಗ ಇದೆಲ್ಲಿ ಹೋಗಿತ್ತು?"

ಅವಳಿಗೆ ನಗು ತಡೆಯಲಾಗಲಿಲ್ಲ. ಅವನು ಆ ನಗುವನ್ನೇ ಒಂದು ಗಳಿಗೆ ನೋಡಿ, "ಮೂರು" ಎಂದ.

ತಪ್ಪು ಉತ್ತರ ಇಲ್ಲ ಎಂದದ್ದೇ ಅವಳ ಮೊದಲ ತಪ್ಪು. ಅದು ಅವಳಿಗೆ ಹೊಳೆಯುವ ಹೊತ್ತಿಗೆ ಆಗಬಾರದ್ದು ಆಗಿಹೋಗಿತ್ತು.

ಆಸ್ಪತ್ರೆಯ ಹಿಂಭಾಗದಲ್ಲಿ, ಲಾಂಡ್ರಿಗೆ ಅಂಟಿಕೊಂಡಂತೆ ಒಂದು ಉದ್ದನೆಯ ಕೋಣೆ. ಹೃದಯಾಘಾತದಿಂದ ಉಳಿದುಕೊಂಡವರಿಗೆ ಮತ್ತೆ ನಡೆಯುವುದನ್ನು, ಮೆಟ್ಟಿಲು ಹತ್ತುವುದನ್ನು, ತಮ್ಮ ಎದೆಗೆ ತಾವೇ ಹೆದರದೆ ಇರುವುದನ್ನು ಕಲಿಸುವ ಜಾಗ ಅದು. ಅವಳು ಅಲ್ಲಿಯ ಫಿಸಿಯೋ. ಕಿಟಕಿಯಾಚೆ ವಾರ್ಡುಗಳ ಬಿಳಿ ಹಾಸುಬಟ್ಟೆಗಳನ್ನು ಒಣಹಾಕುತ್ತಿದ್ದರು. ಆ ವರ್ಷ ಮೋಡ ಬಿಡದೆ, ಅವು ಸಂಜೆಯವರೆಗೂ ತೇವದಲ್ಲೇ ಜೋತುಬಿದ್ದಿರುತ್ತಿದ್ದವು.

ಬೇರೆ ಜಿಮ್ಮಿನಲ್ಲಾದರೆ ನಾಡಿ ನೋಡಿದರೆ ಮುಗಿಯಿತು. ಇಲ್ಲಿ ಅದು ನಡೆಯುವುದಿಲ್ಲ. ಇಲ್ಲಿಗೆ ಬರುವವರು ಹೃದಯಕ್ಕೆ ಕಡಿವಾಣ ಹಾಕುವ ಮಾತ್ರೆ ತಿನ್ನುತ್ತಿರುತ್ತಾರೆ. ಮನುಷ್ಯ ಏದುಸಿರು ಬಿಡುತ್ತಿದ್ದರೂ ಪರದೆಯ ಮೇಲಿನ ನಾಡಿ ತನಗೂ ಅದಕ್ಕೂ ಸಂಬಂಧವೇ ಇಲ್ಲದ ಹಾಗೆ ತಣ್ಣಗೆ ನಡೆಯುತ್ತಿರುತ್ತದೆ. ಹಾಗಾಗಿ ಅವರವರ ಬಾಯಿಂದ ಬಂದ ನಂಬರಿಗೇ ಬೆಲೆ. ನಾಲ್ಕರೊಳಗಿದ್ದರೆ ವೇಗ ಏರಿಸಬಹುದು, ಐದು ದಾಟಿದರೆ ಇಳಿಸಬೇಕು.

ಆ ನಂಬರಿನ ಮೇಲೂ ಕಣ್ಣಿಡಬೇಕಿತ್ತು, ಯಾಕೆಂದರೆ ಜನ ಜನದ ಹಾಗೇ ಇರುತ್ತಾರೆ. ನಿವೃತ್ತ ಮೇಷ್ಟ್ರೊಬ್ಬರು ಷೂ ಲೇಸು ಕಟ್ಟುವಾಗಲೇ "ಒಂಬತ್ತು!" ಎಂದು ಕೂಗುತ್ತಿದ್ದರು. ಹೊಲಿಗೆ ಆಂಟಿ "ನೀನೇ ಒಂದು ಹಾಕ್ಕೊಳಮ್ಮ, ನಾನೇನು ಬೇಡ ಅಂತೀನಾ" ಎನ್ನುತ್ತಿದ್ದರು. ಇಂಥವರ ಎದುರು ಅವಳು ಇನ್ನೆರಡು ಉಪಾಯ ಇಟ್ಟುಕೊಂಡಿದ್ದಳು. ಮಾತಾಡಿಸುವುದು ಒಂದು: ವಾಕ್ಯ ಪೂರ್ತಿ ಬಂದರೆ ಚಿಂತೆಯಿಲ್ಲ, ತುಂಡುತುಂಡಾದರೆ ಉಸಿರು ಸಾಲುತ್ತಿಲ್ಲ. ಇನ್ನೊಂದು ಮುಖ. ಕಿವಿಯ ತುದಿ, ಕತ್ತಿನ ನರ, ಹುಬ್ಬಿನ ನಡುವಿನ ಗೆರೆ. ಮುಖ ಓದುವುದರಲ್ಲಿ ಅವಳದು ಎತ್ತಿದ ಕೈ ಎಂದು ದೊಡ್ಡ ಡಾಕ್ಟರೇ ನಾಲ್ಕು ಜನರೆದುರು ಹೊಗಳಿದ್ದರು.

ಹೊಸಬನ ದನಿ ಕೇಳಿದಾಗಲೇ ಅವಳಿಗೆ ಗುರುತು ಸಿಕ್ಕಿತ್ತು. ರೇಡಿಯೋದಲ್ಲಿ ಬೆಳಗಿನ ವಾರ್ತೆ ಓದುವವನು. ಎಷ್ಟೋ ವರ್ಷಗಳಿಂದ ಅಕ್ಕನ ಅಡುಗೆಮನೆಯಲ್ಲಿ, ಕುಕ್ಕರಿನ ಸೀಟಿಯ ನಡುವೆ, ಆ ದನಿ ಅವಳ ಬೆಳಗಿನ ಒಂದು ಭಾಗವೇ ಆಗಿತ್ತು. ಕಳೆದ ಕೆಲವು ತಿಂಗಳಿಂದ ಬೇರೆ ಯಾರೋ ಓದುತ್ತಿದ್ದರು. "ಪಾಪ, ಆ ಮನುಷ್ಯ ಎಲ್ಲಿ ಹೋದನೋ" ಎಂದು ಅಕ್ಕ ಕೊರಗುತ್ತಿದ್ದಳು. ಇಲ್ಲಿಗೆ ಬಂದಿದ್ದ.

ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಮಗಳು ಮದುವೆಯಾಗಿ ಬೇರೆ ಊರಲ್ಲಿದ್ದಳು. ಜಿಮ್ಮಿನಲ್ಲಿ ಎಲ್ಲರೂ ಅವನನ್ನು ವಾರ್ತೆ ಸಾರ್ ಎಂದು ಕರೆಯತೊಡಗಿದರು. ಅವನೂ ಆ ಹೆಸರಿಗೆ ಮೋಸ ಮಾಡಲಿಲ್ಲ.

"ಈಗ ಮುಖ್ಯಾಂಶಗಳು," ಎನ್ನುತ್ತಿದ್ದ ಬೆಲ್ಟಿನ ಮೇಲೆ ನಡೆಯುತ್ತಾ. "ಫಿಸಿಯೋ ಮೇಡಂ ಅವರು ಇಂದು ತಲೆ ಬಾಚಿಕೊಳ್ಳುವುದನ್ನು ಮರೆತು ಕರ್ತವ್ಯಕ್ಕೆ ಹಾಜರಾಗಿದ್ದಾರೆ. ಮೇಷ್ಟ್ರು ಸೈಕಲ್ ತುಳಿಯದೆಯೇ ಒಂಬತ್ತು ಅಂಕ ಗಳಿಸಿ ದಾಖಲೆ ನಿರ್ಮಿಸಿದ್ದಾರೆ."

"ನಾನು ತುಳೀತಿದ್ದೀನಿ ಕಣಯ್ಯಾ!" ಎಂದು ಮೇಷ್ಟ್ರು ಗುಡುಗುತ್ತಿದ್ದರು.

ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ನಕ್ಕ ಮೇಲೆ ಕೂದಲು ಸರಿ ಮಾಡಿಕೊಳ್ಳುತ್ತಿದ್ದಳು. ಅವನು ಅದನ್ನು ಕಂಡೂ ಕಾಣದವನ ಹಾಗೆ ಪರದೆ ನೋಡುತ್ತಿದ್ದ.

"ಅಷ್ಟುದ್ದ ವಾಕ್ಯ ಒಂದೇ ಉಸಿರಿಗೆ ಹೇಗ್ರೀ ಹೇಳ್ತೀರಾ?" ಎಂದು ಒಮ್ಮೆ ಕೇಳಿದಳು.

"ಒಂದೇ ಉಸಿರಲ್ಲ ಮೇಡಂ, ಕದ್ದ ಉಸಿರು. ಉಸಿರೆಳೆಯೋ ಸದ್ದು ಮೈಕಿಗೆ ಸಿಕ್ಕಿದ್ರೆ ನಮ್ಮ ಕೆಲಸ ಹೋದ ಹಾಗೇ. ಪದ ಪದದ ಸಂದಿಯಲ್ಲಿ ಚೂರು ಚೂರು ಎಳ್ಕೋಬೇಕು. ಕೇಳೋರಿಗೆ ಗೊತ್ತಾಗಬಾರ್ದು."

"ಭಾರಿ ಕಳ್ಳ ನೀವು," ಎಂದು ಅವಳು ನಕ್ಕಳು. ನಗಬಾರದಿತ್ತು, ಅಲ್ಲೇ ಎಚ್ಚೆತ್ತುಕೊಳ್ಳಬೇಕಿತ್ತು. ನಾಡಿಗೆ ಮಾತ್ರೆಯ ಮುಸುಕು, ಮಾತಿಗೆ ಕಸುಬಿನ ಮುಸುಕು. ಈ ಮನುಷ್ಯನ ವಿಷಯದಲ್ಲಿ ಅವಳಿಗೆ ಉಳಿದದ್ದು ಮುಖ ಒಂದೇ.

ಮುಖವನ್ನೇನೋ ಅವಳು ನೋಡುತ್ತಿದ್ದಳು. ಬೇರೆ ಯಾರ ಮುಖವನ್ನೂ ಅಷ್ಟು ನೋಡಿರಲಿಲ್ಲ.

ಅವಳು ಪಕ್ಕಕ್ಕೆ ಹೋಗಿ ನಿಂತರೆ ಅವನ ಕಿವಿಯ ತುದಿ ಕೆಂಪೇರುತ್ತಿತ್ತು. ತೋಳಿಗೆ ಕಟ್ಟಿದ ಬಿಪಿ ಪಟ್ಟಿ ಸರಿಮಾಡಲು ಮುಟ್ಟಿದರೆ ಮಾತು ನಿಂತುಬಿಡುತ್ತಿತ್ತು. ಕೆಲವೊಮ್ಮೆ ಮಾತಿನ ನಡುವೆ ಕಣ್ಣು ಮುಚ್ಚಿ ತೆರೆಯುತ್ತಿದ್ದ. ಕಂಬಿ ಹಿಡಿದ ಬೆರಳುಗಳ ಗಿಣ್ಣು ಬೆಳ್ಳಗಾಗುತ್ತಿತ್ತು. ಹುಡುಗಿಯಾಗಿದ್ದಾಗ ತನ್ನ ಕಡೆ ಯಾರಾದರೂ ಹೀಗೆ ತಡವರಿಸಲಿ ಎಂದು ಎಷ್ಟು ಆಸೆಪಟ್ಟಿದ್ದಳು! ಮದುವೆಯ ಮಾತುಗಳು ಬಂದು, ಮುರಿದು, ಆಮೇಲೆ ಬರುವುದೂ ನಿಂತು, ಅಕ್ಕನ ಜೊತೆ ಎರಡೇ ತಟ್ಟೆ ಇಡುವ ಮನೆಯೇ ತನ್ನ ಪಾಲಿಗೆ ಎಂದುಕೊಂಡವಳು. ಈಗ, ತಲೆಯಲ್ಲಿ ಬಿಳಿ ಕೂದಲು ಇಣುಕುವ ಹೊತ್ತಿಗೆ, ಒಬ್ಬ ಮನುಷ್ಯ ತನ್ನೆದುರು ಕೆಂಪಾಗುತ್ತಿದ್ದಾನೆ.

"ಎಷ್ಟು?" ಎನ್ನುತ್ತಿದ್ದಳು, ದನಿ ಆದಷ್ಟು ಗಂಭೀರ ಮಾಡಿಕೊಂಡು.

"ಮೂರು."

"ನಿಜವಾಗ್ಲೂ?"

"ಸುಳ್ಳು ವಾರ್ತೆ ಓದೋದಿಲ್ಲ ಮೇಡಂ."

ಅವಳು ವೇಗ ಒಂದು ಗೆರೆ ಏರಿಸುತ್ತಿದ್ದಳು.

"ಏನೇ ಇದು, ಮುಖದಲ್ಲಿ ಹೊಸ ಕಳೆ?" ಎಂದು ಅಕ್ಕ ಒಂದು ಸಂಜೆ ಸೊಪ್ಪು ಬಿಡಿಸುತ್ತಾ ಕೇಳಿದಳು. "ಯಾರಾದ್ರೂ ಇದ್ದಾರಾ?"

"ಎಲ್ಲಾ ಪೇಷಂಟ್‌ಗಳು ಅಕ್ಕ. ಸುಮ್ನಿರು."

"ಪೇಷಂಟ್‌ಗಳು ಅಂದ್ಯಲ್ಲ, ಅದ್ರಲ್ಲಿ ಒಬ್ಬನ್ನ ಕೇಳ್ದೆ."

ಅವಳು ರೇಡಿಯೋದ ಕಿವಿ ತಿರುವಿದಳು. ಅಕ್ಕ ಒಮ್ಮೆ ರೇಡಿಯೋ ನೋಡಿ, ಒಮ್ಮೆ ತಂಗಿಯನ್ನು ನೋಡಿ, "ಅಯ್ಯೋ ದೇವರೇ, ಅವರಾ!" ಎಂದು ಸೊಪ್ಪು ಕೈಬಿಟ್ಟಳು. ಆಮೇಲೆ ದನಿ ತಗ್ಗಿಸಿ, "ಹುಷಾರು ಕಣೇ. ಹೃದಯ ಕೆಟ್ಟಿರೋ ಮನುಷ್ಯ," ಎಂದಳು. ಅವಳು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಚಿಕಿತ್ಸೆ ನಡೆಯುವಾಗ ಪೇಷಂಟ್ ಜೊತೆ ಅಂಥ ಮಾತು ಕೂಡದು ಎಂಬುದು ಆಸ್ಪತ್ರೆಯ ನಿಯಮ. ಅದು ಅವನಿಗೂ ಗೊತ್ತಿತ್ತು. ಒಂದು ದಿನ ಎಲ್ಲರೂ ಹೋದ ಮೇಲೆ, ಟವೆಲ್ ಮಡಚುತ್ತಾ ಅವನು ಕೇಳಿದ.

"ಈ ಕೋರ್ಸು ಯಾವಾಗ ಮುಗಿಯುತ್ತೆ ಮೇಡಂ?"

"ಯಾಕೆ, ಬೇಜಾರಾಯ್ತಾ?"

"ಮುಗಿದ ಮೇಲೆ ನಿಮ್ಮ ಹತ್ರ ಒಂದು ಮಾತು ಹೇಳೋದಿತ್ತು. ಅಲ್ಲಿವರೆಗೂ ಹೇಳೋ ಹಾಗಿಲ್ಲ."

ಅವಳು ಟವೆಲಿನ ಅಂಚನ್ನೇ ನೋಡುತ್ತಾ, "ಅಲ್ಲಿ, ಆ ವೇಗದಲ್ಲಿ, ಆಯಾಸ ನಾಲ್ಕು ದಾಟದ ಹಾಗೆ ನಡೆದುಬಿಟ್ರೆ ಮುಗೀತು," ಎಂದು ಗೋಡೆಯ ಮೇಲಿನ ವೇಗದ ಪಟ್ಟಿಯ ಕೊನೆಯ ಸಾಲು ತೋರಿಸಿದಳು.

"ಅಷ್ಟೇನಾ?"

"ಅಷ್ಟೇ."

"ಹಾಗಾದ್ರೆ ಬೇಗ ನಡೀತೀನಿ," ಎಂದ.

ಅಂದಿನಿಂದ ಇಬ್ಬರಿಗೂ ಒಂದೇ ಆತುರ. ಅವನು ಮೂರು ಎನ್ನುವುದು, ಅವಳು ಏರಿಸುವುದು. ಅವನ ಕಿವಿ ಇನ್ನಷ್ಟು ಕೆಂಪಾಯಿತು, ಮಾತು ಇನ್ನಷ್ಟು ಚುಟುಕಾಯಿತು, ಮುಖ್ಯಾಂಶಗಳು ಒಂದೊಂದಾಗಿ ನಿಂತವು. ಹೇಳಬೇಕಾದ ಮಾತು ಹತ್ತಿರ ಬಂದಂತೆ ಅವನಿಗೆ ಬೇರೆ ಮಾತು ಸೇರುತ್ತಿಲ್ಲ ಎಂದು ಅವಳು ಅಂದುಕೊಂಡಳು. ರಾತ್ರಿ ಮಲಗಿ ಅದನ್ನೇ ನೆನೆಸಿಕೊಂಡು ಕತ್ತಲಲ್ಲಿ ನಗುತ್ತಿದ್ದಳು. ಪ್ರೀತಿಗೆ ಕಣ್ಣಿಲ್ಲ ಅನ್ನುತ್ತಾರಲ್ಲ, ಇವಳಿಗೆ ಕಣ್ಣಿತ್ತು. ಕಂಡದ್ದನ್ನೆಲ್ಲ ತನಗೆ ಬೇಕಾದ ಹಾಗೆ ಓದಿಕೊಂಡಳು, ಅಷ್ಟೇ.

ಕೊನೆಯ ಸಾಲಿನ ವೇಗಕ್ಕೆ ಬಂದ ದಿನ ಹೊಲಿಗೆ ಆಂಟಿ ಸೈಕಲ್ ನಿಲ್ಲಿಸಿ ಅವನನ್ನೇ ನೋಡಿದರು. "ಅಮ್ಮಾ, ಅವರಿಗೆ ಸಾಕಾದ ಹಾಗಿದೆ ಕಣಮ್ಮ," ಎಂದರು.

"ಎಷ್ಟು?" ಎಂದು ಅವಳು ಅವನನ್ನು ಕೇಳಿದಳು.

ಅವನು ಅವಳ ಕಡೆ ತಿರುಗಿ ನಕ್ಕ. ಎಂಥ ನಗು ಅದು! "ಮೂ..." ಎಂದ. ಉಳಿದದ್ದು ಬಾಯಿಂದ ಬರಲಿಲ್ಲ. ಕೈ ಕಂಬಿಯಿಂದ ಜಾರಿತು. ಅವಳು ಕೆಂಪು ಗುಂಡಿ ಒತ್ತಿ ಅವನನ್ನು ಹಿಡಿಯುವಷ್ಟರಲ್ಲಿ ಅವನು ಬೆಲ್ಟಿನ ಮೇಲೆ ಮಂಡಿಯೂರಿ ಪಕ್ಕಕ್ಕೆ ಒರಗಿದ್ದ.

ಅವನು ಉಳಿದುಕೊಂಡ. ಆದರೆ ಮೊದಲೇ ಅರ್ಧ ಸೋತಿದ್ದ ಹೃದಯ ಇನ್ನಷ್ಟು ಸೋತಿತ್ತು. ಇನ್ನು ಸ್ಟುಡಿಯೋ ಇಲ್ಲ, ಮೆಟ್ಟಿಲಿಲ್ಲ. ಯಾರಾದರೂ ಜೊತೆಯಲ್ಲಿ ಇರಲೇಬೇಕು ಎಂದರು.

ದೊಡ್ಡ ಡಾಕ್ಟರು ಅವಳನ್ನು ಕೋಣೆಗೆ ಕರೆಸಿದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಪಲ್ಸ್ ನಂಬೋ ಹಾಗಿಲ್ಲ ಅಂತ ನಿಮಗೆ ಗೊತ್ತು. ಪೇಷಂಟ್ ಕಮ್ಮಿ ಹೇಳ್ತಾರೆ ಅಂತನೂ ಗೊತ್ತು. ನೀವು ಮುಖ ನೋಡ್ಲಿಲ್ವಾ?"

"ನೋಡ್ದೆ ಸರ್."

"ಏನೂ ಕಾಣ್ಲಿಲ್ವಾ?"

"ಎಲ್ಲಾ ಕಾಣ್ತು ಸರ್," ಎಂದಳು. ಆಮೇಲೆ ಅಳು ತಡೆಯಲಾಗಲಿಲ್ಲ. ಡಾಕ್ಟರಿಗೆ ಅರ್ಥವಾಯಿತೋ ಇಲ್ಲವೋ, ನೀರಿನ ಲೋಟ ಮುಂದೆ ಸರಿಸಿ ಕಿಟಕಿ ಕಡೆ ತಿರುಗಿಕೊಂಡರು. ಇನ್ನು ಮುಂದೆ ಅವನ ಚಿಕಿತ್ಸೆ ಅವಳ ಕೈಯಲ್ಲಿರುವುದಿಲ್ಲ ಎಂದು ಮಾತ್ರ ಹೇಳಿದರು.

ವಾರ್ಡಿನಲ್ಲಿ ಅವನು ದಿಂಬಿಗೆ ಒರಗಿ ಕೂತಿದ್ದ. ಮೂಗಿನಲ್ಲಿ ಆಕ್ಸಿಜನ್ ನಳಿಕೆ. ಅವಳು ಮೊದಲ ಬಾರಿ ಬಿಳಿ ಕೋಟು ಬಿಚ್ಚಿಟ್ಟು ಅವನೆದುರು ಕೂತಳು.

"ಯಾಕೆ ಸುಳ್ಳು ಹೇಳಿದ್ರಿ?"

ಅವನು ಸ್ವಲ್ಪ ಹೊತ್ತು ಹೊದಿಕೆಯ ಅಂಚು ಮಡಚಿದ. "ನಾನು ಮೂರು ಅಂದಾಗ ನೀವು ನಗ್ತಿದ್ರಿ. ಒಂದ್ಸಲ ಐದು ಅಂದಿದ್ದೆ, ನೆನಪಿದ್ಯಾ? ಅವತ್ತು ನಿಮ್ಮ ಮುಖ ಸಣ್ಣದಾಯ್ತು. ಆಮೇಲೆ ನನಗೆ ಧೈರ್ಯ ಬರ್ಲಿಲ್ಲ. ಅಲ್ದೆ, ಕೋರ್ಸು ಮುಗಿಸ್ಬೇಕಿತ್ತಲ್ಲ."

"ಎಷ್ಟಿರ್ತಿತ್ತು, ನಿಜವಾಗಿ?"

"ಏಳು. ಕೊನೆಕೊನೆಗೆ ಎಂಟು."

ಅವಳು ಕಣ್ಣು ಮುಚ್ಚಿದಳು. "ನಿಮ್ಮ ಕಿವಿ ಕೆಂಪಾಗ್ತಿತ್ತು. ಮಾತು ನಿಂತುಹೋಗ್ತಿತ್ತು. ನಾನು ಹತ್ರ ಬಂದಿದ್ದಕ್ಕೆ ಅಂದ್ಕೊಂಡೆ. ಇಷ್ಟು ವರ್ಷ ಇದೇ ಕೆಲಸ ಮಾಡಿದೋಳು ನಾನು. ಬೇರೆ ಯಾರದ್ದೇ ಮುಖ ಹಾಗಿದ್ದಿದ್ರೂ ಆ ಕ್ಷಣಕ್ಕೇ ಮಷೀನ್ ನಿಲ್ಲಿಸ್ತಿದ್ದೆ."

ಅವನು ಮೆಲ್ಲಗೆ ನಕ್ಕ. ನಕ್ಕದ್ದಕ್ಕೇ ಕೆಮ್ಮು ಬಂತು. "ನೀವು ಅಂದ್ಕೊಂಡಿದ್ದೇನು ಸುಳ್ಳಲ್ಲ. ನೀವು ಹತ್ರ ಬಂದ್ರೂ ಎದೆ ಹಾಗೇ ಹೊಡ್ಕೋತಿತ್ತು, ಉಸಿರು ಹಾಗೇ ಸಾಲ್ತಿರಲಿಲ್ಲ. ಯಾವುದು ಆಯಾಸ, ಯಾವುದು ನೀವು ಅಂತ ನನಗೇ ಗೊತ್ತಾಗ್ತಿರಲಿಲ್ಲ. ಗೊತ್ತು ಮಾಡ್ಕೊಳ್ಳೋಕೂ ಹೋಗ್ಲಿಲ್ಲ."

"ಕೋರ್ಸು ಮುಗಿದ ಮೇಲೆ ಹೇಳ್ತೀನಿ ಅಂದಿದ್ದು ಇದೇನಾ?"

"ಇದೇ. ಚೆನ್ನಾಗಿ ಬಟ್ಟೆ ಹಾಕ್ಕೊಂಡು ಹೇಳ್ಬೇಕು ಅಂತಿದ್ದೆ," ಎಂದ, ಆಸ್ಪತ್ರೆಯ ಸಡಿಲ ಅಂಗಿಯನ್ನು ನೋಡಿಕೊಂಡು.

ಅವಳು ಅವನ ಕೈ ಹಿಡಿದುಕೊಂಡಳು. ತಣ್ಣಗಿತ್ತು. "ನಮ್ಮನೆ ಕೆಳಗಡೆನೇ ಇದೆ, ಮೆಟ್ಟಿಲಿಲ್ಲ. ಅಕ್ಕನಿಗೆ ನಿಮ್ಮ ದನಿ ಅಂದ್ರೆ ಪ್ರಾಣ. ಬಂದ್ಬಿಡಿ. ನಾನು ನೋಡ್ಕೋತೀನಿ."

ಪಕ್ಕದ ಹಾಸಿಗೆಯವರ ಮನೆಯವರು ಬಂದು, ಹಣ್ಣಿನ ಚೀಲ ಇಟ್ಟು, ಕುರ್ಚಿ ಎಳೆದುಕೊಂಡು ಕೂತರು.

"ನಾಳೆ ಮಗಳು ಬರ್ತಾಳೆ. ಅವಳ ಜೊತೆ ಹೋಗ್ತೀನಿ," ಎಂದ ಕೊನೆಗೆ.

"ಯಾಕೆ?"

"ನಿಮ್ಮೆದುರು ನನಗೆ ನಿಜ ಹೇಳೋಕೆ ಬರಲ್ಲ. ರಾತ್ರಿ ಎದೆ ನೋವು ಬಂದ್ರೆ ಏನೂ ಇಲ್ಲ ಅಂತೀನಿ, ನಿಮ್ಮ ನಿದ್ದೆ ಕೆಡುತ್ತೆ ಅಂತ. ನಾನು ಹೇಳದಿದ್ರೂ ನೀವು ಕಂಡುಹಿಡೀತೀರಾ ಅಂದ್ಕೊಳ್ಳೋ ಹಾಗಿದ್ರೆ..." ಅವನು ಮಾತು ಮುಗಿಸಲಿಲ್ಲ. ಮುಗಿಸುವ ಅಗತ್ಯವೂ ಇರಲಿಲ್ಲ.

"ಇನ್ನು ಮೇಲೆ ಹೇಳ್ತೀರ. ನಾನೂ ಸರಿಯಾಗಿ ನೋಡ್ತೀನಿ," ಎಂದಳು ಅವಳು. "ನಾಳೆ ಆ ಕಾರಿಡಾರ್ ಕೊನೆವರೆಗೂ ನಡೆಯೋಣ. ಡಾಕ್ಟರ ಹತ್ರ ನಾನೇ ಕೇಳ್ತೀನಿ. ಎಷ್ಟಿದ್ರೆ ಅಷ್ಟು ಹೇಳಿ. ಒಂದೇ ಒಂದ್ಸಲ ಹೇಳಿಬಿಡಿ, ಆಮೇಲೆ ನೀವು ಎಲ್ಲಿಗೂ ಹೋಗೋದು ಬೇಡ."

ಮರುದಿನ ಮಗಳು ಬಂದಳು. ಅಪ್ಪನದೇ ಹುಬ್ಬು, ಅಪ್ಪನದೇ ನಗು, ದನಿ ಮಾತ್ರ ಬೇರೆ. ಮಗಳು ಖಾಲಿ ಗಾಲಿಕುರ್ಚಿ ತಳ್ಳಿಕೊಂಡು ಹಿಂದೆ ಬಂದಳು. ಇವರಿಬ್ಬರೂ ಮುಂದೆ. ಅವನು ಮನೆಯ ಶರ್ಟು ಹಾಕಿಕೊಂಡಿದ್ದ. ಅದರ ಕೊರಳಪಟ್ಟಿ ಸಡಿಲವಾಗಿ ಕಾಣುತ್ತಿತ್ತು, ಅಷ್ಟು ಇಳಿದುಹೋಗಿದ್ದ. ಅವಳ ತೋಳಿಗೆ ತೋಳು ಕೊಟ್ಟು, ಒಂದೊಂದೇ ಹೆಜ್ಜೆ ಇಟ್ಟ. ಎದುರು ಬಂದ ನರ್ಸುಗಳು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಅರ್ಧ ಕಾರಿಡಾರಿನಲ್ಲಿ ಅವಳು ನಿಂತಳು.

"ಎಷ್ಟು?"

ಅವನು ಅವಳ ಕಡೆ ತಿರುಗಿದ. ಹೇಳಬೇಕೆಂದೇ ತಿರುಗಿದ, ಅದು ಅವಳಿಗೆ ಕಂಡಿತು. ಅವಳ ಮುಖದಲ್ಲಿದ್ದ ಆಸೆಯನ್ನೂ ಅವನು ಕಂಡ. ಬೆನ್ನು ನೆಟ್ಟಗೆ ಮಾಡಿ, ಬೆಳಗಿನ ವಾರ್ತೆಯ ದನಿಯಲ್ಲಿ, ಒಂದು ಚೂರೂ ನಡುಗದ ಹಾಗೆ, "ಮೂರು ಮೇಡಂ," ಎಂದ.

ಅವಳು ನೋಡಿದಳು. ಈ ಸಲ ನೋಡಿದಳು. ತುಟಿಯ ಅಂಚು ನೀಲಿಗಟ್ಟಿತ್ತು. ಪ್ರತಿ ಉಸಿರಿಗೂ ಕೊರಳ ಗುಳಿ ಒಳಕ್ಕೆ ಸೇದಿಕೊಳ್ಳುತ್ತಿತ್ತು, ಭುಜ ಮೇಲಕ್ಕೆ ಏಳುತ್ತಿತ್ತು. ಹಣೆಯ ಮೇಲೆ ತಣ್ಣನೆಯ ಬೆವರು. ಇಷ್ಟೆಲ್ಲದರ ನಡುವೆ, ತನ್ನನ್ನು ನೋಡುತ್ತಿದ್ದ ಆ ಕಣ್ಣಲ್ಲಿ ಪ್ರೀತಿಯೂ ಇತ್ತು, ಅದನ್ನು ಇಲ್ಲವೆನ್ನಲು ಅವಳಿಗೆ ಸಾಧ್ಯವಾಗಲಿಲ್ಲ.

"ಸರಿ," ಎಂದಳು. ದನಿ ತನ್ನದೇ ಎಂದು ನಂಬುವುದು ಕಷ್ಟವಾಯಿತು. "ಮೂರೇ. ಆದ್ರೂ ಕೂತ್ಕೊಳ್ಳಿ, ಕಾರು ಕಾಯ್ತಿದೆ." ಮಗಳ ಕಡೆ ಕೈ ಮಾಡಿದಳು.

ಅವನಿಗೂ ಅರ್ಥವಾಯಿತು. ಕೂರುವಾಗ ಅವಳ ಕೈಯನ್ನು ಒಮ್ಮೆ ಗಟ್ಟಿಯಾಗಿ ಅದುಮಿ ಬಿಟ್ಟ.

ಲಿಫ್ಟಿನ ಹತ್ತಿರ ಅವಳು ಮಗಳನ್ನು ಪಕ್ಕಕ್ಕೆ ಕರೆದಳು. ಮಾತ್ರೆ, ನೀರಿನ ಅಳತೆ, ದಿಂಬಿನ ಎತ್ತರ ಎಲ್ಲ ಹೇಳಿದಳು. "ಸ್ನಾನ ಮಾಡಿದ್ರೆ ಕೇಳು, ನಾಲ್ಕು ಹೆಜ್ಜೆ ನಡೆದ್ರೆ ಕೇಳು, ಹತ್ತರಲ್ಲಿ ಎಷ್ಟು ಅಂತ. ಪಲ್ಸ್ ನೋಡ್ಕೊಂಡು ಕೂರಬೇಡ. ಬಾಯಿಂದ ಹೇಳಿಸು."

"ನಿಜ ಹೇಳ್ತಾರಾ ಆಂಟಿ? ಅಪ್ಪ ಬಲೇ ಹಟಮಾರಿ."

"ನಿನಗೆ ಹೇಳ್ತಾರೆ," ಎಂದಳು ಅವಳು.

ಹೊರಗೆ ಮೋಡ ಕವಿದಿತ್ತು. ಅವಳು ಅವನನ್ನು ಕಾರಿನ ಸೀಟಿಗೆ ಹತ್ತಿಸಿ, ಬೆಲ್ಟು ಎದೆಗೆ ಒತ್ತದ ಹಾಗೆ ಸರಿಮಾಡಿ, ಬಾಗಿಲು ಹಾಕಿದಳು. ಬರ್ತೀನಿ ಎಂದು ಅವನು ಹೇಳಲಿಲ್ಲ, ಬನ್ನಿ ಎಂದು ಇವಳೂ ಹೇಳಲಿಲ್ಲ. ಹಿಂದಕ್ಕೆ ಸರಿದು, ಪೋರ್ಟಿಕೋದ ದಪ್ಪ ಕಂಬದ ಆಚೆ ಬಂದು ನಿಂತಳು. ಅವನಿಗೆ ಅವಳು ಒಳಗೆ ಹೋದ ಹಾಗೆ ಕಂಡಿರಬೇಕು.

ಕಾರಿನ ಗಾಜು ಇಳಿದಿತ್ತು. ಮಗಳು ಸ್ಟೀರಿಂಗ್ ಮುಂದೆ ಕೂತು, ಅವನ ಕಡೆ ಬಗ್ಗಿ, ಹೇಳಿಕೊಟ್ಟಿದ್ದನ್ನು ಆಗಲೇ ಶುರುಮಾಡಿದಳು. "ಅಪ್ಪಾ, ಹತ್ತರಲ್ಲಿ ಎಷ್ಟು?"

ಮೊದಲು ಅವನ ಉಸಿರು ಕೇಳಿಸಿತು. ಕದ್ದದ್ದಲ್ಲ, ಬಾಯಿ ತೆರೆದು, ಸದ್ದು ಮಾಡಿ ಎಳೆದ ಉಸಿರು. ಇಷ್ಟು ದಿನದಲ್ಲಿ ಅವಳು ಅದನ್ನು ಒಮ್ಮೆಯೂ ಕೇಳಿರಲಿಲ್ಲ.

"ಒಂಬತ್ತು," ಎಂದ ಅವನು. "ಒಂಬತ್ತು... ಕಣಮ್ಮ. ತುಂಬಾ... ಕಷ್ಟ ಆಗ್ತಿದೆ. ಒಂದ್ನಿಮಿಷ... ಮಾತಾಡಿಸ್ಬೇಡ."

"ಆಯ್ತಪ್ಪ," ಎಂದು ಮಗಳು ಅವನ ಬೆನ್ನು ಸವರಿದಳು. ಅವನ ಉಸಿರು ಹದಕ್ಕೆ ಬರುವವರೆಗೂ ಕಾದು, ಆಮೇಲೆ ಕಾರು ಹೊರಡಿಸಿದಳು.

ಅವಳು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು, ಕಂಬಕ್ಕೆ ಒರಗಿ ನಿಂತಿದ್ದಳು. ಕಾರು ಗೇಟು ದಾಟುವವರೆಗೂ ಈಚೆಗೆ ಬರಲಿಲ್ಲ. ಬಂದರೆ ಅವನು ಮತ್ತೆ ಮೂರು ಎನ್ನುತ್ತಿದ್ದ.